ಸೇನೆಯವರೇ ಓದಿಸ್ತಾರಂತೆ, ಕಳಿಸೋಣವೇ?

ಸೋದರಿಯರೇ, ಪಿಯುಸಿ ಫಲಿತಾಂಶ ಬಂದ ಮನೆಯಲ್ಲಿ ಒಗ್ಗರಣೆ ಸೀದರೂ ಯಾರಿಗೂ ಗೊತ್ತಾಗುವುದಿಲ್ಲ, ಅಲ್ಲವೇ? ಎಲ್ಲರ ಬಾಯಲ್ಲೂ ಸೀಟಿನದೇ ಮಾತು. ಸಿಇಟಿ ರ‍್ಯಾಂಕ್ ಎಷ್ಟು, ಯಾವ ಕಾಲೇಜು, ಫೀಸಿಗೆ ಯಾವ ಒಡವೆ ಬ್ಯಾಂಕಿಗೆ ಹೋಗಬೇಕು? ಇಂಥ ಹೊತ್ತಿನಲ್ಲಿ ಬಂದವರೊಬ್ಬರು ಕಾಫಿ ಕುಡಿಯುತ್ತಾ, "ಮಿಲಿಟರಿಗೆ ಹಾಕ್ಸಿ, ಎಂಜಿನಿಯರಿಂಗ್ ಪುಕ್ಕಟೆ ಓದಿಸ್ತಾರೆ" ಅಂದುಬಿಡುತ್ತಾರೆ. ಹುಡುಗನ ಕಣ್ಣು ಅರಳುತ್ತದೆ. ಯಜಮಾನರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ನಮ್ಮ ಎದೆ ಮಾತ್ರ ಧಸಕ್ಕೆನ್ನುತ್ತದೆ.

ಹೆದರುವ ಮೊದಲು, ಹಿಗ್ಗುವ ಮೊದಲೂ, ವಿಷಯ ಏನೆಂದು ತಿಳಿದುಕೊಳ್ಳುವುದು ಒಳ್ಳೆಯದು. ಭೂಸೇನೆಯಲ್ಲಿ '10+2 ಟೆಕ್ನಿಕಲ್ ಎಂಟ್ರಿ ಸ್ಕೀಮ್' ಎಂಬ ಯೋಜನೆ ಇದೆ. ಇದನ್ನು ಅಗ್ನಿವೀರರ ನೇಮಕದೊಂದಿಗೆ ಕಲಸಬೇಡಿ. 2022ರಲ್ಲಿ ಬಂದ ಅಗ್ನಿಪಥದಲ್ಲಿ ಸೇರುವವರು ಸಿಪಾಯಿಗಳು, ಅದು ನಾಲ್ಕು ವರ್ಷದ ಸೇವೆ. ಇಲ್ಲಿ ಹುಡುಗ ಎಂಜಿನಿಯರಿಂಗ್ ಓದಿ ಅಧಿಕಾರಿಯಾಗುತ್ತಾನೆ, ಕಾಯಂ ಕಮಿಷನ್ ಸಿಗುತ್ತದೆ.

ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಮೂರೂ ಸೇರಿ ಶೇಕಡಾ 60 ಅಂಕ ಬೇಕು. ಜೆಇಇ ಮೇನ್ಸ್ ಪರೀಕ್ಷೆ ಬರೆದಿರಬೇಕು. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆಯ ಒಳಗೆ, ಮದುವೆಯಾಗಿರಬಾರದು. ವರ್ಷಕ್ಕೆ ಎರಡು ಸಲ ಅರ್ಜಿ ಕರೆಯುತ್ತಾರೆ. ಇತ್ತೀಚಿನ ಪ್ರಕಟಣೆಗಳಲ್ಲಿ ಒಂದು ಕೋರ್ಸಿಗೆ ಇಡೀ ದೇಶಕ್ಕೆ ಇದ್ದದ್ದು 90 ಜಾಗ. ಅರ್ಜಿ ಸೇನೆಯ ವೆಬ್‌ಸೈಟಿನಲ್ಲೇ ಹಾಕಬೇಕು, ದುಡ್ಡೇನೂ ಇಲ್ಲ. 'ನಾನು ಸೀಟು ಮಾಡಿಸಿಕೊಡ್ತೀನಿ' ಎಂದು ಯಾರಾದರೂ ಬಂದರೆ ಬಾಗಿಲಲ್ಲೇ ನಮಸ್ಕಾರ ಹೇಳಿ ಕಳಿಸಿ.

ಅಂಕ ನೋಡಿ ಕರೆದವರು ಎಸ್‌ಎಸ್‌ಬಿ ಸಂದರ್ಶನಕ್ಕೆ ಹೋಗಬೇಕು. ಅದರ ಒಂದು ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ಐದು ದಿನದ ಪರೀಕ್ಷೆ. ಮೊದಲ ದಿನವೇ ಜರಡಿ ಹಿಡಿಯುತ್ತಾರೆ, ಉಳಿಯದವರು ಅಂದೇ ಊರಿಗೆ ವಾಪಸ್ಸು. ಉಳಿದವರಿಗೆ ಮನಶ್ಶಾಸ್ತ್ರದ ಪರೀಕ್ಷೆ, ಗುಂಪಿನಲ್ಲಿ ಮಾಡುವ ಕೆಲಸ, ಸಂದರ್ಶನ ಎಲ್ಲಾ ಆಗಿ, ಆಮೇಲೆ ವೈದ್ಯಕೀಯ ತಪಾಸಣೆ.

ಮೊದಲು ಈ ತರಬೇತಿ ಐದು ವರ್ಷದ್ದಾಗಿತ್ತು. 2024ರ ಜನವರಿಯಿಂದ ನಾಲ್ಕು ವರ್ಷ ಮಾಡಿದ್ದಾರೆ. ಮೂರು ವರ್ಷ ಪುಣೆ, ಮಹೂ ಅಥವಾ ಸಿಕಂದರಾಬಾದಿನ ಸೇನಾ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದು. ಪುಣೆಯದು ಸೇತುವೆ, ರಸ್ತೆ, ಕಟ್ಟಡದ ಕೆಲಸದವರದು. ಮಧ್ಯಪ್ರದೇಶದ ಮಹೂವಿನದು ಸಂಪರ್ಕ ವಿಭಾಗ, ಅಂದರೆ ಸಿಗ್ನಲ್ಸ್‌ನವರದು. ಸಿಕಂದರಾಬಾದಿನದು ಗಾಡಿ, ಫಿರಂಗಿ, ಯಂತ್ರಗಳ ರಿಪೇರಿಯವರದು. ನಾಲ್ಕನೆಯ ವರ್ಷ ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಯಲ್ಲಿ. ಮುಗಿಸಿದವನು ಲೆಫ್ಟಿನೆಂಟ್, ಕೈಯಲ್ಲಿ ಎಂಜಿನಿಯರಿಂಗ್ ಪದವಿ. ಮೂರು ವರ್ಷ ಮುಗಿಸಿದ ಮೇಲೆ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್ ಕೂಡ ಉಂಟು.

ಹೆಣ್ಣುಮಕ್ಕಳ ತಾಯಂದಿರು ನಿರಾಶರಾಗಬೇಡಿ. ಭೂಸೇನೆಯ ಈ ಯೋಜನೆ ಗಂಡುಮಕ್ಕಳಿಗೆ ಮಾತ್ರ, ನಿಜ. ಆದರೆ ನೌಕಾಪಡೆಯಲ್ಲೂ ಇಂಥದೇ ಬಿ.ಟೆಕ್. ಯೋಜನೆ ಇದೆ. ಮಂಗಳೂರಿನಿಂದ ತೆಂಕಕ್ಕೆ, ಕೇರಳದ ಕಣ್ಣೂರು ಜಿಲ್ಲೆಯ ಎಳಿಮಲದಲ್ಲಿ ಓದು. ಇತ್ತೀಚಿನ ವರ್ಷಗಳಿಂದ ಅದಕ್ಕೆ ಹುಡುಗಿಯರನ್ನೂ ತೆಗೆದುಕೊಳ್ಳುತ್ತಿದ್ದಾರೆ, ಜೆಇಇ ರ‍್ಯಾಂಕ್ ನೋಡಿ ಕರೆಯುತ್ತಾರೆ.

ಇಷ್ಟು ಒಳ್ಳೆಯ ಮಾತಾಯಿತು. ಇನ್ನು 'ಪುಕ್ಕಟೆ' ಅನ್ನುವ ಪದ. ಓದಿನ ಖರ್ಚು ಸರ್ಕಾರದ್ದೇ, ಸುಳ್ಳಲ್ಲ. ಆದರೆ ಪ್ರಕಟಣೆಯಲ್ಲಿ ಇನ್ನೊಂದು ಸಾಲೂ ಇರುತ್ತದೆ. ಕಾಯಿಲೆಯಂಥ, ತನ್ನ ಕೈಮೀರಿದ ಕಾರಣವಿಲ್ಲದೆ ಹುಡುಗ ನಡುವೆ ಬಿಟ್ಟು ಬಂದರೆ ತರಬೇತಿಯ ವೆಚ್ಚ ಹಿಂದಿರುಗಿಸಬೇಕು. ಮೂರು ತಿಂಗಳು ನೋಡಿ ಹಿಡಿಸದಿದ್ದರೆ ಬಂದರಾಯ್ತು ಅನ್ನುವ ಹಾಗಿಲ್ಲ.

ಇನ್ನೊಂದು ಸಂಗತಿ ಗಂಡಸರು ಸಾಮಾನ್ಯವಾಗಿ ನಮ್ಮ ಮುಂದೆ ಎತ್ತುವುದಿಲ್ಲ. ತರಬೇತಿಯಲ್ಲೇ ಪೆಟ್ಟಾಗಿ ಅಂಗವೈಕಲ್ಯದಿಂದ ಮನೆಗೆ ಬಂದ ಕೆಡೆಟ್ಟುಗಳಿದ್ದಾರೆ. ಇನ್ನೂ ಅಧಿಕಾರಿಯಾಗಿರದ ಕಾರಣ ಅವರಿಗೆ ಮಾಜಿ ಸೈನಿಕರ ಸ್ಥಾನ ಸಿಗುತ್ತಿರಲಿಲ್ಲ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ಈ ವಿಷಯ ಕೈಗೆತ್ತಿಕೊಂಡಿತು. ಮಾಜಿ ಸೈನಿಕರ ವೈದ್ಯಕೀಯ ಸೌಲಭ್ಯವನ್ನು ಅಂಥವರಿಗೂ ಕೊಡಲು ಸರ್ಕಾರ ಅದೇ ವರ್ಷ ಒಪ್ಪಿತು. ಹೆದರಿಸಲು ಹೇಳುತ್ತಿಲ್ಲ. ಕಳಿಸುವ ತಾಯಿಗೆ ಇದೂ ಗೊತ್ತಿರಬೇಕು, ಅಷ್ಟೇ.

ಹಾಗಾದರೆ ತೀರ್ಮಾನ ಹೇಗೆ? ನಮ್ಮ ಅಕ್ಕನ ಮನೆಯಲ್ಲಿ ನಡೆದದ್ದು ಹೇಳುತ್ತೇನೆ. ಭಾವನವರು ಉಳಿಯುವ ಫೀಸಿನ ಲೆಕ್ಕ ಬರೆದಿಟ್ಟಿದ್ದರು. ಅತ್ತೆಯವರು, "ಇರೋದು ಒಂದು ಗಂಡು ಮಗು, ಗಡಿಗೆ ಕಳಿಸ್ತೀರೇನೋ" ಎಂದು ಊಟ ಬಿಟ್ಟು ಕೂತಿದ್ದರು. ಅಕ್ಕ ಇಬ್ಬರಿಗೂ ಉತ್ತರ ಕೊಡಲಿಲ್ಲ. ರಾತ್ರಿ ಪಾತ್ರೆ ತೊಳೆಯುವಾಗ ಮಗನನ್ನು ಕರೆದು ಕೇಳಿದಳು: "ಫೀಸು ನಾವೇ ಹೆಂಗಾದ್ರೂ ಕಟ್ತೀವಿ ಅಂದ್ರೂ ನೀನು ಅಲ್ಲಿಗೇ ಹೋಗ್ತೀಯೇನೋ?" ಅವನು ಮರುದಿನದವರೆಗೂ ಯೋಚಿಸಿ, "ಹೋಗ್ತೀನಮ್ಮ" ಅಂದ. ಅತ್ತೆಯವರು ಎರಡು ದಿನ ಮುಖ ಊದಿಸಿಕೊಂಡಿದ್ದರು. ಆದರೂ ಹೊರಡುವ ದಿನ ಮೊಸರು-ಸಕ್ಕರೆ ಕೈಗೆ ಹಾಕಿದವರು ಅವರೇ.

ಅದೇ ಪ್ರಶ್ನೆಯನ್ನು ನಮ್ಮ ಬೀದಿಯ ಇನ್ನೊಬ್ಬ ತಾಯಿಯೂ ಕೇಳಿದರು. ಆ ಹುಡುಗ, "ಹಂಗಾದ್ರೆ ಇಲ್ಲೇ ಓದ್ತೀನಿ" ಅಂದ. ಅಪ್ಪನ ಸಾಲ ನೋಡಲಾರದೆ ಒಪ್ಪಿಕೊಂಡಿದ್ದನಂತೆ, ಪಾಪ. ಎರಡೂ ಒಳ್ಳೆಯ ಉತ್ತರವೇ. ಕೇಳದೇ ಇದ್ದಿದ್ದರೆ ಎರಡೂ ಹೊರಗೆ ಬರುತ್ತಿರಲಿಲ್ಲ.

ಅಕ್ಕನ ಮಗನಿಗೆ ಆಯ್ಕೆ ಆಗಲಿಲ್ಲ, ಮೊದಲ ದಿನವೇ ವಾಪಸ್ಸು ಬಂದ. ಆದರೆ ಅಕ್ಕ ಜಾಣೆ. ಸೇನೆಯ ಅರ್ಜಿ ಹಾಕಿದ್ದೇವೆ ಎಂದು ಸಿಇಟಿ ಕೌನ್ಸೆಲಿಂಗ್ ಬಿಟ್ಟಿರಲಿಲ್ಲ. ಈಗ ಇಲ್ಲೇ ಎಂಜಿನಿಯರಿಂಗ್ ಓದುತ್ತಿದ್ದಾನೆ. ಪದವಿ ಮುಗಿಸಿದವರನ್ನೂ ಸೇನೆ 'ಟೆಕ್ನಿಕಲ್ ಗ್ರಾಜುಯೇಟ್ ಕೋರ್ಸ್' ಮೂಲಕ ತೆಗೆದುಕೊಳ್ಳುತ್ತದೆ, ಆಗ ಮತ್ತೆ ನೋಡ್ತೀನಿ ಅನ್ನುತ್ತಾನೆ. ದಿನಾ ಬೆಳಿಗ್ಗೆ ಓಡುವುದನ್ನೂ ಬಿಟ್ಟಿಲ್ಲ. ಹಾಗಾಗಿ ಎರಡು ಒಲೆಯನ್ನೂ ಹಚ್ಚಿಟ್ಟುಕೊಳ್ಳಿ. ವಾಪಸ್ಸು ಬಂದ ಹುಡುಗನಿಗೆ ಅಂದು ರಾತ್ರಿ ಏನೂ ಕೇಳದೆ ಬಿಸಿ ಊಟ ಹಾಕಿ.

ಮನೆಯಲ್ಲಿ ಈ ಮಾತು ಎದ್ದರೆ ನೀವು ಅಡುಗೆಮನೆಯಲ್ಲೇ ಉಳಿಯಬೇಡಿ. ಪ್ರಕಟಣೆಯನ್ನು ಮಗನ ಕೈಲೇ ಸಾಲುಸಾಲಾಗಿ ಓದಿಸಿ ಕೇಳಿ. ಇಂಗ್ಲಿಷ್ ಬಾರದಿದ್ದರೆ ಅರ್ಥ ಹೇಳು ಅನ್ನಿ, ಅದರಲ್ಲಿ ನಾಚಿಕೆಯೇನು? ವೆಚ್ಚ ಹಿಂದಿರುಗಿಸುವ ಸಾಲು ಬಂದಾಗ ಯಜಮಾನರೂ ಪಕ್ಕದಲ್ಲಿರಲಿ. ಫೀಸು ಉಳಿಯಿತೆಂದು ಮಗನನ್ನು ದೂಡುವುದೂ ಬೇಡ, ಭಯಕ್ಕೆ ಸೆರಗಿನಲ್ಲಿ ಕಟ್ಟಿಕೊಳ್ಳುವುದೂ ಬೇಡ.

ನಿಮ್ಮ ಮನೆಯಲ್ಲಿ ಏನಾಯಿತೆಂದು ಬರೆಯಿರಿ. ಮುಂದಿನ ಸಂಚಿಕೆಗೆ, ಹಾಸ್ಟೆಲಿಗೆ ಹೊರಟ ಮಕ್ಕಳಿಗೆ ಕಟ್ಟಿಕೊಡಲು ತಿಂಗಳಾದರೂ ಕೆಡದ ಮೂರು ಬಗೆಯ ಚಟ್ನಿಪುಡಿ.