ಕೋಮೋ ಸರೋವರ ಮತ್ತು ಪರಿಗ್ರಹ ಪರಿಮಾಣ

ಇಟಲಿಯ ಕೋಮೋ ಸರೋವರಕ್ಕೆ ಬೇಸಿಗೆಯ ಪ್ರವಾಸ ಯೋಜಿಸುವ ಜೈನ ಕುಟುಂಬಗಳು ಮೊದಲು ವಿಚಾರಿಸುವುದು ಆಹಾರವನ್ನು. ಅದು ಉಚಿತವೇ. ಅಲ್ಲಿನ ಪಾರ್ಮೆಜಾನೋ ಚೀಸ್‌ಗೆ ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ. ರಾತ್ರಿಭೋಜನ ತ್ಯಾಗಕ್ಕೆ ಮಾತ್ರ ಅಡ್ಡಿಯಿಲ್ಲ. ಜೂನ್‌ನಲ್ಲಿ ಸೂರ್ಯಾಸ್ತವಾಗುವುದೇ ಒಂಬತ್ತು ಗಂಟೆಯ ನಂತರ. ಆದರೆ ಪ್ರವಾಸದ ಹಣ ಸ್ವಂತದ್ದೋ ಸಾಲದ್ದೋ ಎಂದು ಕೇಳುವವರು ವಿರಳ.

ವಿದೇಶ ಪ್ರವಾಸದ ಪ್ಯಾಕೇಜಿನಲ್ಲಿ 7 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಸರ್ಕಾರವು 2023ರ ಅಕ್ಟೋಬರ್ 1ರಿಂದ ಮೂಲದಲ್ಲೇ ಶೇ. 20 ತೆರಿಗೆ ಸಂಗ್ರಹಿಸತೊಡಗಿದಾಗ ಗೊಣಗಿದವರು ಅನೇಕರು. ಬಳಿಕ ನಿಯಮ ಸಡಿಲವಾಯಿತು. ಹಾಗೆ ಸಂಗ್ರಹವಾದ ತೆರಿಗೆ ಆದಾಯ ತೆರಿಗೆಯ ಲೆಕ್ಕದಲ್ಲಿ ಹೊಂದಾಣಿಕೆಯಾಗುತ್ತದೆ. ಹೆಚ್ಚಾದುದು ಮರಳಿ ಬರುತ್ತದೆ. ಸಾಲದ ಬಡ್ಡಿ ಮರಳಿ ಬರುವುದಿಲ್ಲ.

ಪ್ರವಾಸ ಪಾಪವಲ್ಲ. ಮಿಲಾನಿನಿಂದ ವರೆನ್ನಾಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆ; ಅಲ್ಲಿಂದ ಬೆಲ್ಲಾಜಿಯೋಗೆ ಸಾರ್ವಜನಿಕ ದೋಣಿಯಿದೆ. ಸರೋವರದ ಚೆಲುವು ಬಾಡಿಗೆಯ ವಿಲ್ಲಾಕ್ಕಷ್ಟೇ ಮೀಸಲಲ್ಲ. ಬಂಧುಗಳು ಹೋಗಿಬಂದರೆಂಬ ಕಾರಣಕ್ಕೆ ಸಾಲ ಮಾಡಿ, ವರ್ಷಗಟ್ಟಲೆ ಕಂತು ಕಟ್ಟುವುದೇ ದೋಷ.

ಪರಿಗ್ರಹ ಪರಿಮಾಣವು ಶ್ರಾವಕನು ತನಗೆ ತಾನೇ ಹಾಕಿಕೊಳ್ಳುವ ಮಿತಿ. ಅದನ್ನು ಯಾವ ಬಜೆಟ್ಟೂ ಸಡಿಲಿಸಲಾರದು, ಬಿಗಿಗೊಳಿಸಲೂ ಆರದು. ತಟ್ಟೆಯಲ್ಲಿ ಪಾಲಿಸುವ ವ್ರತವನ್ನು ಖರ್ಚಿನಲ್ಲಿಯೂ ಪಾಲಿಸುವ ಕುಟುಂಬವು ದಿನಾಂಕಕ್ಕಿಂತ ಮೊದಲು ಮೊತ್ತವನ್ನು ನಿಶ್ಚಯಿಸಲಿ.