ಪರಿವರ್ತಕದ ಸುತ್ತಲಿನ ಜಾಗ ವ್ಯರ್ಥವಲ್ಲ

ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಮಂದಿ ಪ್ರಾಣ ಕಳೆದುಕೊಂಡರು. ಬೆಂಕಿ ಹುಟ್ಟಿದ್ದು ಪ್ರೇಕ್ಷಕರು ಕುಳಿತಿದ್ದ ಸಭಾಂಗಣದಲ್ಲಲ್ಲ, ನೆಲ ಅಂತಸ್ತಿನಲ್ಲಿದ್ದ ವಿದ್ಯುತ್ ಪರಿವರ್ತಕದಲ್ಲಿ. ಅಂದು ಬೆಳಿಗ್ಗೆಯಷ್ಟೇ ದುರಸ್ತಿಯಾಗಿದ್ದ ಅದರಿಂದ ಸೋರಿದ ಎಣ್ಣೆ ಹೊತ್ತಿಕೊಂಡು, ಬೆಂಕಿ ಅಲ್ಲಿ ನಿಲ್ಲಿಸಿದ್ದ ಕಾರುಗಳಿಗೆ ಹಬ್ಬಿತು. ಮೇಲೇರಿದ ಹೊಗೆ ಬಾಲ್ಕನಿಯಲ್ಲಿದ್ದವರ ಉಸಿರುಗಟ್ಟಿಸಿತು. ಬೆಂಗಳೂರಿನಲ್ಲೇ 2022ರ ಮಾರ್ಚ್‌ನಲ್ಲಿ ರಸ್ತೆಬದಿಯ ಪರಿವರ್ತಕ ಸ್ಫೋಟಿಸಿ, ದ್ವಿಚಕ್ರ ವಾಹನದಲ್ಲಿ ಸಾಗುತ್ತಿದ್ದ ತಂದೆ ಮತ್ತು ಮಗಳು ಬಲಿಯಾದರು. ಆದರೂ ಈ ದುರಂತಗಳ ಪಾಠವನ್ನು ನಾವು ಕಲಿತಂತಿಲ್ಲ.

11 ಕಿಲೋವೋಲ್ಟ್ ವಿದ್ಯುತ್ತನ್ನು ಮನೆಬಳಕೆಯ ಮಟ್ಟಕ್ಕೆ ಇಳಿಸುವ ಪರಿವರ್ತಕ ಇಂದು ಬಹುಮಹಡಿ ವಸತಿ ಸಮುಚ್ಚಯಗಳ ಅನಿವಾರ್ಯ ಅಂಗ. ಆದರೆ ಚದರ ಅಡಿಗೆ ಬೆಲೆ ಕಟ್ಟುವ ನಗರದಲ್ಲಿ ಅದಕ್ಕೆ ದಕ್ಕುವುದು ಯಾರಿಗೂ ಬೇಡವಾದ ಮೂಲೆ. ಸುತ್ತ ಬಿಟ್ಟ ಅಲ್ಪ ಜಾಗವೂ ಕ್ರಮೇಣ ಸ್ಕೂಟರ್, ಮುರಿದ ಕುರ್ಚಿ, ಬಣ್ಣದ ಡಬ್ಬಗಳ ಪಾಲಾಗುತ್ತದೆ. ನಾಲ್ಕು ಗೋಡೆಗಳ ಕೊಠಡಿಯಲ್ಲಿ ಪರಿವರ್ತಕದ ಸುತ್ತ ಕನಿಷ್ಠ 1.25 ಮೀಟರ್ ತೆರವಿರಬೇಕೆಂದು ಭಾರತೀಯ ಮಾನಕ ಶಿಫಾರಸು ಮಾಡುತ್ತದೆ. ಬಿಸಿ ಹೊರಹೋಗಲು, ಕೆಲಸಗಾರ ಸುರಕ್ಷಿತವಾಗಿ ನಿಲ್ಲಲು, ಬೆಂಕಿ ಹಬ್ಬದಿರಲು ಅಷ್ಟು ಜಾಗ ಬೇಕೇ ಬೇಕು. ವಸತಿ ಹಾಗೂ ವಾಣಿಜ್ಯ ಕಟ್ಟಡಗಳ ಒಳಗೆ ಎಣ್ಣೆಯಿಲ್ಲದ ಒಣ ಮಾದರಿಯ ಪರಿವರ್ತಕವನ್ನಷ್ಟೇ ಅಳವಡಿಸಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ನಿಯಮಾವಳಿಯೇ ಹೇಳಿತ್ತು.

ಜಾಗದ ಕೊರತೆ ಕಣ್ಣಿಗಾದರೂ ಬೀಳುತ್ತದೆ. ಅರ್ಥಿಂಗ್‌ನ ಲೋಪ ಹಾಗಲ್ಲ. ನೆಲದಡಿಯ ಪಟ್ಟಿ ತುಕ್ಕು ಹಿಡಿದರೂ, ಬೇಸಿಗೆಯಲ್ಲಿ ಗುಂಡಿ ಒಣಗಿದರೂ ದೀಪಗಳು ಎಂದಿನಂತೆ ಉರಿಯುತ್ತವೆ. ದೋಷ ಸಂಭವಿಸಿದಾಗ ವಿದ್ಯುತ್ತಿಗೆ ಸುಗಮ ಹಾದಿ ಸಿಗದೆ, ಪೂರೈಕೆ ತಾನಾಗಿ ಕಡಿತಗೊಳ್ಳದೆ, ಲೋಹದ ಹೊರಕವಚ ಮತ್ತು ಬೇಲಿಯಲ್ಲೇ ವಿದ್ಯುತ್ ಪ್ರವಹಿಸಬಹುದು. ಅದನ್ನು ಮೊದಲು ಅರಿಯುವವರು ಕಾವಲುಗಾರ, ತೋಟದ ಮಾಲಿ ಇಲ್ಲವೇ ಚೆಂಡು ಹೆಕ್ಕಲು ಹೋದ ಮಗು. ಪರಿವರ್ತಕದ ಹೊರಕವಚಕ್ಕೂ ನ್ಯೂಟ್ರಲ್‌ಗೂ ಎರಡೆರಡು ಪ್ರತ್ಯೇಕ ಅರ್ಥಿಂಗ್ ಇರಬೇಕೆಂಬ ನಿಯಮದ ಹಿಂದಿರುವುದು ಒಂದು ಕಡಿದರೂ ಇನ್ನೊಂದು ಕಾಯಲಿ ಎಂಬ ವಿವೇಕ.

ನಿಯಮಗಳಿಗೆ ಕೊರತೆಯಿಲ್ಲ, 2023ರಲ್ಲಿ ಪರಿಷ್ಕೃತ ನಿಯಮಾವಳಿಯೂ ಬಂದಿದೆ. ಕೊರತೆಯಿರುವುದು ಹೊಣೆಗಾರಿಕೆಯಲ್ಲಿ. ನಿರ್ಮಾಣಗಾರ ಮನೆ ಮಾರಿ ಹೊರಟ ಮೇಲೆ, ಪರಿವರ್ತಕ ತಮ್ಮದಲ್ಲವೆಂದು ನಿವಾಸಿಗಳೂ, ಆವರಣ ತಮ್ಮದಲ್ಲವೆಂದು ವಿದ್ಯುತ್ ಕಂಪನಿಯೂ ಕೈತೊಳೆದುಕೊಂಡರೆ ಅದನ್ನು ನೋಡಿಕೊಳ್ಳುವವರು ಯಾರು? ಅದು ಯಾರ ಸ್ವತ್ತು, ಅರ್ಥಿಂಗ್ ಕೊನೆಯ ಬಾರಿ ಯಾವಾಗ ಪರೀಕ್ಷೆಗೊಳಗಾಯಿತು, ಅಳತೆಯಲ್ಲಿ ಬಂದ ಪ್ರತಿರೋಧವೆಷ್ಟು ಎಂಬುದನ್ನು ಅಲ್ಲಿಯೇ ಫಲಕದಲ್ಲಿ ಬರೆಸುವುದು ಕಡ್ಡಾಯವಾಗಬೇಕು. ವಿದ್ಯುತ್ ಪರಿವೀಕ್ಷಕರ ತಪಾಸಣೆ ಸಂಪರ್ಕ ನೀಡುವ ದಿನಕ್ಕಷ್ಟೇ ಸೀಮಿತವಾಗದೆ, ನಿಯತಕಾಲಿಕವಾಗಿ ನಡೆದು ವರದಿ ನಿವಾಸಿಗಳ ಕೈಗೂ ಸಿಗಬೇಕು.

ನಿವಾಸಿಗಳ ಸಂಘಗಳೂ ಸರ್ಕಾರದ ಆದೇಶಕ್ಕಾಗಿ ಕಾಯಬೇಕಿಲ್ಲ. ಪರಿವರ್ತಕದ ಬಳಿ ಪೇರಿಸಿದ ಸಾಮಾನು ತೆಗೆಸಲು, ವಾಹನ ನಿಲುಗಡೆ ನಿಷೇಧಿಸಲು ಒಂದು ಭಾನುವಾರ ಸಾಕು. ಅರ್ಥಿಂಗ್ ಪರೀಕ್ಷೆಯನ್ನು ಪರವಾನಗಿ ಪಡೆದ ಗುತ್ತಿಗೆದಾರರಿಗೇ ಒಪ್ಪಿಸಲಿ. ಲಿಫ್ಟ್‌ಗೆ, ಈಜುಕೊಳಕ್ಕೆ ವಾರ್ಷಿಕ ನಿರ್ವಹಣೆಯ ಹಣ ತೆಗೆದಿಡುವವರಿಗೆ ಇದು ಹೊರೆಯಾಗಲಾರದು.