ನೆರೆಯ ಇಗರ್ಜಿ ಮತ್ತು ನಮ್ಮ ಜಮಾಅತ್

ಭಟ್ಕಳದಿಂದ ಉತ್ತರಕ್ಕೆ ಹೊರಟು ಕಾಯ್ಕಿಣಿ, ಹೊನ್ನಾವರ, ಕುಮಟಾಗಳನ್ನು ದಾಟುವ ಪ್ರಯಾಣಿಕನಿಗೆ ಮಿನಾರ, ಗೋಪುರ, ಶಿಲುಬೆ ಮೂರೂ ಒಂದೇ ದಾರಿಯಲ್ಲಿ ಕಾಣಸಿಗುತ್ತವೆ. ಕಾಯ್ಕಿಣಿಯ ಬಸ್ತಿಯಂತೂ ತನ್ನ ಹೆಸರಿನಲ್ಲೇ ಜೈನರ ನೆನಪನ್ನು ಹೊತ್ತು ನಿಂತಿದೆ. ಇಷ್ಟೊಂದು ಸಮೀಪದಲ್ಲಿ ಬಾಳುತ್ತಿದ್ದರೂ ನೆರೆಯ ಕ್ಯಾಥೊಲಿಕ್ ಕ್ರೈಸ್ತರ ಧಾರ್ಮಿಕ ಜೀವನದ ಕುರಿತು ನಮಗಿರುವ ಅರಿವು ತೀರ ಅಲ್ಪ. ಕ್ರಿಸ್ಮಸ್ಸಿಗೆ ಅವರು ಕಳುಹಿಸುವ ತಿಂಡಿಯ ತಟ್ಟೆ, ಮಕ್ಕಳಿಗೆ ಅವರು ನಡೆಸುವ ಶಾಲೆಯಲ್ಲೊಂದು ಸೀಟು. ನಮ್ಮ ಪರಿಚಯ ಬಹುತೇಕ ಇಲ್ಲಿಗೇ ಮುಗಿಯುತ್ತದೆ. ಮಾತೃಭಾಷೆಯ ದೃಷ್ಟಿಯಿಂದ ನೋಡಿದರೆ ನವಾಯತರಿಗೂ ಅವರಿಗೂ ಬಳಗದ ನಂಟೇ ಇದೆ. ನವಾಯತಿಯೂ ಅವರ ಮನೆಮಾತೂ ಕೊಂಕಣಿಯ ಎರಡು ಕವಲುಗಳು. ನಾವು ಅದನ್ನು ಉರ್ದು ಲಿಪಿಯಲ್ಲಿ ಬರೆದೆವು, ಅವರು ಈ ಜಿಲ್ಲೆಗಳಲ್ಲಿ ಕನ್ನಡ ಲಿಪಿಯಲ್ಲಿ ಬರೆದರು.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ತ್ರಿತ್ವದ ವಿಷಯದಲ್ಲಿ, ಶಿಲುಬೆಯ ವಿಷಯದಲ್ಲಿ ನಮಗೂ ಅವರಿಗೂ ಇರುವ ಭಿನ್ನತೆ ಮೂಲಭೂತವಾದದ್ದು. ಅದನ್ನು ಮಸುಕುಗೊಳಿಸುವುದು ನಮ್ಮ ಉದ್ದೇಶವಲ್ಲ. ಹಾಗೆ ಮಾಡಿದರೆ ಸತ್ಯಕ್ಕೂ ನ್ಯಾಯವಾಗದು, ನೆರೆಯವರಿಗೂ ಗೌರವವಾಗದು. ಆದರೆ ಮರ್ಯಮ್(ಅ) ಅವರ ಹೆಸರಿನಲ್ಲಿ ಒಂದು ಅಧ್ಯಾಯವನ್ನೇ ಹೊಂದಿರುವ ಗ್ರಂಥದ ಅನುಯಾಯಿಗಳು ನಾವು. ಮಕ್ಕಾದ ಹಿಂಸೆಯಿಂದ ಪಾರಾಗಿ ಅಬಿಸೀನಿಯಕ್ಕೆ ಹೋದ ಮುಸ್ಲಿಮರಿಗೆ ಆಶ್ರಯ ನೀಡಿದವನು ಒಬ್ಬ ಕ್ರೈಸ್ತ ಅರಸ. ಅವನ ಆಸ್ಥಾನದಲ್ಲಿ ಹಝ್ರತ್ ಜಅ್‌ಫರ್(ರ) ಓದಿ ಕೇಳಿಸಿದ್ದೂ ಅದೇ ಅಧ್ಯಾಯ. ಸೂರಃ ಅಲ್ ಹಜ್ಜ್‌ನ 40ನೆಯ ಸೂಕ್ತವು ಅಲ್ಲಾಹನ ನಾಮಸ್ಮರಣೆ ನಡೆಯುವ ಸ್ಥಳಗಳ ರಕ್ಷಣೆಯ ಬಗ್ಗೆ ಹೇಳುವಾಗ ಮಸೀದಿಗಳೊಡನೆ ಮಠಗಳನ್ನೂ ಇಗರ್ಜಿಗಳನ್ನೂ ಹೆಸರಿಸುತ್ತದೆ. ಹೀಗಿರುವಾಗ ಇಗರ್ಜಿಯ ಗೋಡೆಯಾಚೆ ಏನು ನಡೆಯುತ್ತದೆಂದು ತಿಳಿಯುವುದು ದೀನ್‌ಗೆ ವಿರುದ್ಧವಾದ ಕುತೂಹಲವೇನಲ್ಲ.

ಈ ಕರಾವಳಿಯಲ್ಲಿ ಇಗರ್ಜಿಯ ಇತಿಹಾಸವು ಪೋರ್ಚುಗೀಸರ ಫಿರಂಗಿಗಳೊಂದಿಗೆ ಬೆರೆತುಹೋಗಿರುವುದು ನಿಜ. 1542ರಲ್ಲಿ ಅವರು ಭಟ್ಕಳವನ್ನು ಸುಟ್ಟು ಲೂಟಿಮಾಡಿದ್ದನ್ನು ನಮ್ಮವರು ಮರೆತಿಲ್ಲ. ಅವರ ಮನೆಗಳಲ್ಲಿಯೂ ಒಂದು ಇಸವಿ ಮರೆಯದೆ ಉಳಿದಿದೆ: 1784. ಆ ವರ್ಷ ಟಿಪ್ಪು ಸುಲ್ತಾನರು ಕೆನರಾದ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಹಲವು ಇಗರ್ಜಿಗಳು ನೆಲಸಮವಾದವು. ನಮ್ಮ ವೇದಿಕೆಗಳಲ್ಲಿ ಮೊದಲನೆಯದನ್ನು ಹೇಳಿ ಎರಡನೆಯದನ್ನು ನುಂಗಿಕೊಳ್ಳುವ ಅಭ್ಯಾಸವಿದೆ. ಅದು ನ್ಯಾಯವಲ್ಲ.

ಫಿರಂಗಿಯ ಬೆಂಬಲವಿಲ್ಲದೆ ಬಂದವರೂ ಇದ್ದರು. ಗೋವೆಯ ಪಾದ್ರಿ ಜೋಸೆಫ್ ವಾಜ್ 1681ರಿಂದ 1684ರವರೆಗೆ ಕೆನರಾದಲ್ಲಿ ದುಡಿದು, ಬಳಿಕ ಡಚ್ಚರ ನಿರ್ಬಂಧವಿದ್ದ ಸಿಲೋನಿಗೆ ಕೂಲಿಯವನ ವೇಷದಲ್ಲಿ ಹೋದರು. ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಸಂಶಯದ ಮೇಲೆ ಸೆರೆಮನೆ ಸೇರಿದರು. ಮುಂದೆ ಅದೇ ಊರಿನಲ್ಲಿ ಸಿಡುಬು ಹಬ್ಬಿದಾಗ, ಇತರರು ಬಿಟ್ಟು ಓಡಿದ ರೋಗಿಗಳನ್ನು ಮತಭೇದವಿಲ್ಲದೆ ಆರೈಕೆ ಮಾಡಿದರು. 2015ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಸಂತಪದವಿಯ ಕಲ್ಪನೆಯನ್ನು ನಾವು ಒಪ್ಪುವುದಿಲ್ಲ. ಸಿಡುಬಿನ ರೋಗಿಯ ಬಳಿ ಕುಳಿತವನನ್ನು ಗೌರವಿಸಲು ಆ ಕಲ್ಪನೆಯ ಅಗತ್ಯವೂ ಇಲ್ಲ.

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಅವರ ಧರ್ಮಕೇಂದ್ರ ಎಂದರೇನು? ಅದು ಕೇವಲ ಪ್ರಾರ್ಥನೆಯ ಕಟ್ಟಡವಲ್ಲ, ಗಡಿ ಗುರುತಿಸಿದ ಒಂದು ಪ್ರದೇಶ. ಆ ಗಡಿಯೊಳಗೆ ವಾಸಿಸುವ ಪ್ರತಿಯೊಬ್ಬ ಕ್ಯಾಥೊಲಿಕನೂ, ಅವನು ಇಗರ್ಜಿಗೆ ಬರಲಿ ಬಾರದಿರಲಿ, ಅಲ್ಲಿನ ಗುರುವಿನ ಹೊಣೆ. 1976ರಲ್ಲಿ ಬೆಳಗಾವಿಯಿಂದ ಬೇರ್ಪಟ್ಟು ರೂಪುಗೊಂಡ ಕಾರವಾರ ಧರ್ಮಪ್ರಾಂತ್ಯವು ಉತ್ತರ ಕನ್ನಡ ಜಿಲ್ಲೆಯನ್ನು ಹೀಗೆಯೇ ಧರ್ಮಕೇಂದ್ರಗಳಾಗಿ ಹಂಚಿಕೊಂಡಿದೆ. ಜ್ಞಾನಸ್ನಾನ, ಮದುವೆ, ಮರಣ, ಎಲ್ಲಕ್ಕೂ ಅಲ್ಲಿ ದಾಖಲೆ ಪುಸ್ತಕಗಳಿವೆ. ಇವುಗಳಲ್ಲಿ ಜ್ಞಾನಸ್ನಾನ ಮತ್ತು ಮದುವೆಯ ದಾಖಲೆಯನ್ನು 1563ರಲ್ಲಿ ಟ್ರೆಂಟ್ ಮಹಾಸಭೆಯು ಕಡ್ಡಾಯಗೊಳಿಸಿತು; ಈ ಪದ್ಧತಿ ಇಂದಿಗೂ ನಡೆದುಬಂದಿದೆ. ಕರಾವಳಿಯ ಧರ್ಮಕೇಂದ್ರಗಳು ಮತ್ತೆ ಸಣ್ಣ ಸಣ್ಣ ವಾಳೆಗಳಾಗಿ ವಿಂಗಡಣೆಗೊಳ್ಳುತ್ತವೆ. ವಾಳೆಗೊಬ್ಬ ಗುರ್ಕಾರ ಇರುತ್ತಾನೆ. ಯಾರ ಮನೆಯಲ್ಲಿ ವೃದ್ಧೆ ಹಾಸಿಗೆ ಹಿಡಿದಿದ್ದಾಳೆ, ಯಾರ ಮಗ ಶಾಲೆ ಬಿಟ್ಟಿದ್ದಾನೆ ಎಂಬ ಸುದ್ದಿ ಗುರುವಿಗೆ ತಲುಪುವುದು ಅವನ ಮೂಲಕ. ಬಡವರ ಮನೆಗೆ ಸದ್ದಿಲ್ಲದೆ ಹೋಗಿ ನೆರವಾಗಲು ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯಂಥ ಸಂಘಗಳಿವೆ. ಅದನ್ನು 1833ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟುಹಾಕಿದ್ದು ಪಾದ್ರಿಯಲ್ಲ, ಓಝಾನಾಂ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ಮತ್ತು ಅವನ ಗೆಳೆಯರು.

ನಮ್ಮ ಮಸೀದಿಯ ಬಾಗಿಲು ಅವರದ್ದಕ್ಕಿಂತ ವಿಶಾಲವಾಗಿ ತೆರೆದಿದೆ. ಯಾರೂ ಯಾವ ಸಾಲಿನಲ್ಲಾದರೂ ನಿಲ್ಲಬಹುದು; ಅಲ್ಲಾಹನಿಗೂ ದಾಸನಿಗೂ ನಡುವೆ ಪುರೋಹಿತನಿಲ್ಲ. ಆದರೆ ನಮಾಝ್ ಮುಗಿಸಿ ಚಪ್ಪಲಿ ಮೆಟ್ಟಿಕೊಂಡು ಹೊರಟವನು ಯಾರ ಹೊಣೆ? ಜಮಾಅತ್‌ನ ಪುಸ್ತಕದಲ್ಲಿ ಇರುವುದು ಹೆಚ್ಚಾಗಿ ವಂತಿಗೆ ಕೊಡುವ ಗಂಡಸರ ಹೆಸರುಗಳು. ಗಂಡ ತೀರಿಕೊಂಡ ಬಳಿಕ ಬಾಡಿಗೆಮನೆಗೆ ಹೋದ ಹೆಂಗಸಿನ ಹೆಸರು ಅಲ್ಲಿಲ್ಲ. ಕೂಲಿ ಅರಸಿ ಹೊರ ಜಿಲ್ಲೆಯಿಂದ ಬಂದು ಹೆದ್ದಾರಿಯ ಬದಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿರುವ ಮುಸ್ಲಿಮ್ ಕುಟುಂಬದ ಹೆಸರೂ ಇಲ್ಲ. ಅಂಥ ಮನೆಯಲ್ಲಿ ಸಾವಾದಾಗ, ಅವರು ಯಾವ ಜಮಾಅತ್‌ಗೆ ಸೇರಿದವರೆಂಬ ಪ್ರಶ್ನೆಯೇ ಮೊದಲು ಏಳುತ್ತದೆ. ಖಬರಸ್ಥಾನದ ಗೇಟಿನಲ್ಲಿ ಈ ಪ್ರಶ್ನೆ ಕೇಳಿಬಂದದ್ದನ್ನು ನಾವು ಒಂದಕ್ಕಿಂತ ಹೆಚ್ಚು ಬಾರಿ ಕೇಳಿದ್ದೇವೆ.

ಕೆಲವರು ಹೇಳಬಹುದು: ದಾಖಲೆ, ಗಡಿ, ಸಮಿತಿ ಇವೆಲ್ಲ ಚರ್ಚಿನ ರೀತಿ, ನಮ್ಮದಲ್ಲ ಎಂದು. ಈ ಮಾತು ನಮ್ಮ ಇತಿಹಾಸದ ಅರಿವಿಲ್ಲದ್ದು. ಮದೀನದಲ್ಲಿ ಇಸ್ಲಾಮ್ ಸ್ವೀಕರಿಸಿದವರ ಹೆಸರುಗಳನ್ನು ಬರೆದುಕೊಡುವಂತೆ ಪ್ರವಾದಿ(ಸ) ಆಜ್ಞಾಪಿಸಿದರೆಂದೂ, ಸಾವಿರದ ಐನೂರು ಗಂಡಸರ ಹೆಸರುಗಳನ್ನು ಬರೆಯಲಾಯಿತೆಂದೂ ಸಹೀಹ್ ಬುಖಾರಿಯಲ್ಲಿ ವರದಿಯಿದೆ. ಹಝ್ರತ್ ಉಮರ್(ರ) ದೀವಾನ್ ಎಂಬ ದಾಖಲೆಯನ್ನು ಸ್ಥಾಪಿಸಿ ಅದರ ಆಧಾರದಲ್ಲಿ ಭತ್ಯೆ ಹಂಚಿದರು. ಮೊದಲು ಮೊಲೆ ಬಿಟ್ಟ ಮಕ್ಕಳಿಗೆ ಮಾತ್ರ ಭತ್ಯೆಯಿತ್ತು. ಭತ್ಯೆಯ ಆಸೆಗೆ ತಾಯಿಯೊಬ್ಬಳು ಮಗುವನ್ನು ಅವಧಿಗೆ ಮುಂಚೆ ಮೊಲೆ ಬಿಡಿಸುತ್ತಿದ್ದುದನ್ನು ರಾತ್ರಿ ಗಸ್ತಿನಲ್ಲಿ ಅರಿತ ಖಲೀಫರು, ಹುಟ್ಟಿದ ದಿನದಿಂದಲೇ ಹೆಸರು ಬರೆಯುವಂತೆ ನಿಯಮವನ್ನು ಬದಲಿಸಿದರು. ಕ್ರೈಸ್ತರು ತಮ್ಮ ಗುರುವನ್ನು ಕುರಿಗಾಹಿಗೆ ಹೋಲಿಸುತ್ತಾರೆ. ನಮ್ಮಲ್ಲಿಯಾದರೋ ಪ್ರತಿಯೊಬ್ಬನೂ ಕುರಿಗಾಹಿಯೇ, ಪ್ರತಿಯೊಬ್ಬನೂ ತನ್ನ ಹಿಂಡಿನ ಬಗ್ಗೆ ವಿಚಾರಿಸಲ್ಪಡುವವನೇ ಎಂಬುದು ಪ್ರಸಿದ್ಧ ಹದೀಸ್‌ನ ತಿರುಳು. ಎಲ್ಲರ ಹೊಣೆಯಾದದ್ದು ಯಾರ ಹೊಣೆಯೂ ಅಲ್ಲವಾಗಿ ಹೋದದ್ದು ಹೇಗೆಂಬುದೇ ನಮ್ಮನ್ನು ಕಾಡುವ ಪ್ರಶ್ನೆ.

ಹಣದ ವಿಷಯ ಇನ್ನೂ ಸೂಕ್ಷ್ಮವಾದದ್ದು. 1983ರ ಅವರ ಧರ್ಮಸಂಹಿತೆಯ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲಿಯೂ ಹಣಕಾಸು ಸಮಿತಿ ಇರಲೇಬೇಕು. ಗುರು ತಾನೊಬ್ಬನೇ ಕುಳಿತು ಲೆಕ್ಕ ಮುಗಿಸುವಂತಿಲ್ಲ. ಜೊತೆಗೆ ಪಾಲನಾ ಸಮಿತಿಗಳಲ್ಲಿ ಸಾಮಾನ್ಯ ಭಕ್ತರು, ಹೆಂಗಸರೂ ಸೇರಿದಂತೆ, ಸಲಹೆಗಾರರಾಗಿ ಕೂರುತ್ತಾರೆ. ಅಂತಿಮ ತೀರ್ಮಾನ ಗುರುವಿನದ್ದು, ಅವನ ಮೇಲೆ ಧರ್ಮಾಧ್ಯಕ್ಷರದ್ದು. ರೋಮಿನಿಂದ ಇಳಿದುಬರುವ ಅಧಿಕಾರಶ್ರೇಣಿ ಅದು. ಆದರೂ ಕೇಳುವ ಶಿಸ್ತೊಂದನ್ನು ಅವರು ರೂಢಿಸಿಕೊಂಡಿದ್ದಾರೆ. ಪರಸ್ಪರ ಸಮಾಲೋಚನೆಯನ್ನು ವಿಶ್ವಾಸಿಗಳ ಲಕ್ಷಣವೆಂದು ಸಾರುವ ಗ್ರಂಥ ನಮ್ಮದು; ಅದರಲ್ಲಿ ಶೂರಾ ಎಂಬ ಅಧ್ಯಾಯವೇ ಇದೆ. ಪುರೋಹಿತಶಾಹಿ ಇಲ್ಲದ ನಮ್ಮಲ್ಲಿ ಮಸೀದಿಯ ಸಮಿತಿಯು ಎರಡು ಮೂರು ಮನೆತನಗಳ ಸೊತ್ತಿನಂತೆ ದಶಕಗಳ ಕಾಲ ಉಳಿಯುವುದನ್ನು ಏನೆಂದು ಕರೆಯೋಣ? ಅವರ ಗುರುವಿಗೆ ಕೆಲವು ವರ್ಷಗಳಿಗೊಮ್ಮೆ ವರ್ಗಾವಣೆಯಿದೆ. ಸ್ಥಳೀಯ ಶ್ರೀಮಂತನ ಮುನಿಸಿನಿಂದ ಅವನ ಅನ್ನ ಕೈತಪ್ಪುವುದಿಲ್ಲ. ನಮ್ಮ ಇಮಾಮರ ಸ್ಥಿತಿ ಹಾಗಿಲ್ಲ. ಬಡ್ಡಿಯ ಬಗ್ಗೆ, ವರದಕ್ಷಿಣೆಯ ಬಗ್ಗೆ ಖುತ್ಬಾದಲ್ಲಿ ಖಾರವಾಗಿ ಮಾತನಾಡಿದವರು ಮುಂದಿನ ತಿಂಗಳು ಬೇರೆ ಊರಿನಲ್ಲಿ ಕೆಲಸ ಹುಡುಕಬೇಕಾಗುತ್ತದೆ. ಮಸೀದಿಗೆ ಅಮೃತಶಿಲೆ ಹಾಸಲು ಲಕ್ಷಗಟ್ಟಲೆ ಒಟ್ಟುಗೂಡಿಸುವ ನಾವು, ಅದೇ ಮಸೀದಿಯ ಮುಅದ್ದಿನ್‌ನ ಮಗಳ ಕಾಲೇಜು ಫೀಸಿನ ಮಾತು ಬಂದಾಗ ಬೈತುಲ್ ಮಾಲ್‌ನ ನಿಯಮಾವಳಿಯನ್ನು ಹುಡುಕುತ್ತೇವೆ!

ನಮ್ಮವರು ಏನೂ ಮಾಡಿಲ್ಲವೆಂದು ಇದರ ಅರ್ಥವಲ್ಲ. ಭಟ್ಕಳದಲ್ಲಿ ತಂಝೀಮ್ 1912ರಿಂದ, ಅಂಜುಮನ್ 1919ರಿಂದ ದುಡಿಯುತ್ತಿವೆ; 1962ರಲ್ಲಿ ಆರಂಭವಾದ ಜಾಮಿಅ ಇಸ್ಲಾಮಿಯದಿಂದ ಎಷ್ಟೋ ಆಲಿಮ್‌ಗಳು ಹೊರಬಂದಿದ್ದಾರೆ. ಊರಿನ ಮಟ್ಟದಲ್ಲಿ ಕಟ್ಟುವ ಶಕ್ತಿ ನಮಗಿದೆ. ಮೊಹಲ್ಲಾದ ಮಟ್ಟದಲ್ಲಿ, ಮನೆಯಿಂದ ಮನೆಗೆ ಹೋಗುವಲ್ಲಿ ನಾವು ಸೋಲುತ್ತಿದ್ದೇವೆ.

ಆಧುನಿಕ ಜಗತ್ತನ್ನು ಎದುರಿಸುವ ಪ್ರಶ್ನೆಯಲ್ಲಿಯೂ ಚರ್ಚಿನ ಅನುಭವ ಗಮನಾರ್ಹ. ಬಹುಕಾಲ ಅದು ಆಧುನಿಕತೆಯನ್ನು ಶಪಿಸುತ್ತಲೇ ಕುಳಿತಿತ್ತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯು ಆ ನಿಲುವನ್ನು ಬದಲಿಸಿತು. ಲ್ಯಾಟಿನ್ನಿನಲ್ಲಿದ್ದ ಪೂಜೆ ಕೊಂಕಣಿ, ಕನ್ನಡಗಳಿಗೆ ಬಂದದ್ದು ಆ ಬಳಿಕ. ಮುಸ್ಲಿಮರನ್ನು ಗೌರವದಿಂದ ಕಾಣಬೇಕು, ಹಿಂದಿನ ಕಲಹಗಳನ್ನು ಬದಿಗಿಟ್ಟು ಸಾಮಾಜಿಕ ನ್ಯಾಯಕ್ಕಾಗಿ ಕೂಡಿ ದುಡಿಯಬೇಕು ಎಂದು 1965ರ ಅಕ್ಟೋಬರ್ 28ರ ಘೋಷಣೆಯಲ್ಲಿ ಹೇಳಲಾಯಿತು. ಅದೇ ವರ್ಷದ ಡಿಸೆಂಬರ್ 7ರಂದು ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯ ಪಾತ್ರದ ಕುರಿತಾದ ದೀರ್ಘ ದಾಖಲೆ ಹೊರಬಂತು. ಧಾರ್ಮಿಕ ಸ್ವಾತಂತ್ರ್ಯವು ಪ್ರತಿ ಮನುಷ್ಯನ ಹಕ್ಕೆಂದು ಒಪ್ಪುವ ಘೋಷಣೆಯೂ ಅಂದೇ ಪ್ರಕಟವಾಯಿತು. ಗೋವೆಯಲ್ಲಿ 1560ರಿಂದ ಎರಡೂವರೆ ಶತಮಾನ ಇನ್‌ಕ್ವಿಸಿಷನ್ ನಡೆಸಿದ ಸಂಸ್ಥೆಯ ಬಾಯಿಂದ ಈ ಮಾತು ಬಂದದ್ದು ಸಣ್ಣ ಸಂಗತಿಯಲ್ಲ. ಆಚರಣೆಯಲ್ಲಿ ಅದೆಷ್ಟು ಇಳಿದಿದೆ ಎಂಬುದು ಬೇರೆ ಪ್ರಶ್ನೆ.

ಬೇರೆ ಪ್ರಶ್ನೆಗಳೂ ಇವೆ. ಕೊಂಕಣಿ ಕ್ಯಾಥೊಲಿಕರಲ್ಲಿ ಬಾಮಣ್, ಚಾರೊಡಿ ಎಂಬ ಜಾತಿಯ ಗುರುತುಗಳು ಮತಾಂತರವಾಗಿ ಶತಮಾನಗಳಾದರೂ ಅಳಿಯಲಿಲ್ಲ. ಅದಕ್ಕಿಂತ ಘೋರವಾದದ್ದು, ಹಲವು ದೇಶಗಳಲ್ಲಿ ಗುರುಗಳಿಂದ ಮಕ್ಕಳ ಮೇಲಾದ ಲೈಂಗಿಕ ದೌರ್ಜನ್ಯವನ್ನು ಸಂಸ್ಥೆಯ ಮಾನ ಕಾಯುವ ಹೆಸರಿನಲ್ಲಿ ದಶಕಗಳ ಕಾಲ ಮುಚ್ಚಿಟ್ಟದ್ದು. ದೂರು ಬಂದ ಗುರುವನ್ನು ಇನ್ನೊಂದು ಊರಿಗೆ ವರ್ಗಾಯಿಸಿ ಸುಮ್ಮನಾದರು. ನಾವು ಈಗಷ್ಟೆ ಹೊಗಳಿದ ವರ್ಗಾವಣೆಯ ವ್ಯವಸ್ಥೆಯೇ ಇಲ್ಲಿ ಪಾಪಕ್ಕೆ ಹೊದಿಕೆಯಾಯಿತು. ಕೊನೆಗೆ 2019ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್, ಪ್ರತಿ ಧರ್ಮಪ್ರಾಂತ್ಯದಲ್ಲಿಯೂ ದೂರು ಸ್ವೀಕರಿಸುವ ವ್ಯವಸ್ಥೆ ಇರಲೇಬೇಕೆಂದು ಶಾಸನ ಮಾಡಿದರು. ಇದನ್ನು ಓದಿ ತೃಪ್ತಿಪಡುವವರು ನಮ್ಮಲ್ಲಿದ್ದರೆ ಅವರಿಗೊಂದು ಪ್ರಶ್ನೆ. ನಮ್ಮ ವಸತಿ ಮದ್ರಸಗಳಲ್ಲಿ ಎಂಟು ವರ್ಷದ ಮಗುವಿಗೆ ತೊಂದರೆಯಾದರೆ ಅದು ಯಾರ ಬಳಿ ಹೋಗಿ ಹೇಳಬೇಕು? ಮದ್ರಸದ ಒಳಗೇ ಬೆಳೆದು, ಅಲ್ಲಿಯೇ ಕಲಿಸುತ್ತಿರುವ ನಾವು ಈ ಪ್ರಶ್ನೆಯನ್ನು ಹಗೆಯಿಂದ ಕೇಳುತ್ತಿಲ್ಲ. ಪೋಕ್ಸೊ ಕಾಯ್ದೆ 2012ರಿಂದಲೇ ಇದೆ. ಆಡಳಿತ ಸಮಿತಿಯ ಹೊರಗಿನ ಇಬ್ಬರು, ಅವರಲ್ಲೊಬ್ಬರು ಮಹಿಳೆ, ಅವರ ಹೆಸರು ಮತ್ತು ಫೋನ್ ನಂಬರು ಪ್ರತಿ ಹಾಸ್ಟೆಲಿನ ಗೋಡೆಯ ಮೇಲಿರಬೇಕು. ಇದಕ್ಕೆ ಫತ್ವಾದ ಅಗತ್ಯವಿಲ್ಲ.

ನೆರೆಯವರೊಡನೆ ಕೂಡಿ ಮಾಡಬಹುದಾದ ಕೆಲಸಗಳಿಗೂ ಕೊರತೆಯಿಲ್ಲ. ನಮ್ಮ ರೋಗಿಗಳನ್ನು ಹೊತ್ತ ಆ್ಯಂಬುಲೆನ್ಸುಗಳು ಇಂದಿಗೂ ದಕ್ಷಿಣಕ್ಕೆ, ಮಣಿಪಾಲಕ್ಕೋ ಮಂಗಳೂರಿಗೋ ಓಡುತ್ತವೆ. ಅವುಗಳಲ್ಲಿ ಕೆಲವು ನಿಲ್ಲುವ ಕಂಕನಾಡಿಯ ಆಸ್ಪತ್ರೆಯು 1880ರಲ್ಲಿ ಫಾದರ್ ಮುಲ್ಲರ್ ಎಂಬ ಜರ್ಮನ್ ಪಾದ್ರಿ ಬಡವರಿಗೆ ಹೋಮಿಯೋಪಥಿ ಔಷಧಿ ಹಂಚುವುದರೊಂದಿಗೆ ಆರಂಭವಾದದ್ದು. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಬಹುಕಾಲದ್ದು. ಜಮಾಅತ್‌ಗಳೂ ಧರ್ಮಕೇಂದ್ರಗಳೂ ಒಂದೇ ಮನವಿಗೆ ಸಹಿ ಹಾಕಿ ಜಿಲ್ಲಾಧಿಕಾರಿಯ ಕಚೇರಿಗೆ ಹೋದರೆ ಆ ಕೂಗಿಗೆ ಬೇರೆಯೇ ತೂಕ ಬಂದೀತು. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ಪ್ರಾರ್ಥನಾಲಯಗಳ ಮೇಲೆ ದಾಳಿಯಾದಾಗ, 1993ರಲ್ಲಿ ಭಟ್ಕಳ ಹೊತ್ತಿ ಉರಿದಾಗ, ಎರಡೂ ಸಮುದಾಯಗಳು ತಂತಮ್ಮ ದುಃಖವನ್ನು ಪ್ರತ್ಯೇಕವಾಗಿಯೇ ಅನುಭವಿಸಿದವು. ಸಾವಿರಾರು ಮೈಲಿ ಆಚೆ ಅಬುಧಾಬಿಯಲ್ಲಿ, 2019ರ ಫೆಬ್ರುವರಿ 4ರಂದು, ಪೋಪ್ ಮತ್ತು ಅಲ್ ಅಝ್ಹರ್‌ನ ಶೈಖ್ ಅಹ್ಮದ್ ಅತ್ತಯ್ಯಿಬ್ ಮಾನವ ಭ್ರಾತೃತ್ವದ ದಾಖಲೆಗೆ ಸಹಿ ಹಾಕಿದರು. ನಮ್ಮ ಎಷ್ಟೋ ಮನೆಗಳ ಗಂಡಸರು ದುಡಿಯುತ್ತಿರುವುದು ಅದೇ ನಾಡಿನಲ್ಲಿ. ಅಲ್ಲಿ ಒಂದೇ ಕೋಣೆಯಲ್ಲಿ ಅನ್ನ ಬೇಯಿಸಿಕೊಳ್ಳುವ ನವಾಯತನೂ ಕ್ಯಾಥೊಲಿಕನೂ ರಜೆಗೆ ಊರಿಗೆ ಬಂದೊಡನೆ ಅಪರಿಚಿತರಾಗುತ್ತಾರೆ. ಇದೊಂದು ವಿಚಿತ್ರ.

ರಮಝಾನ್‌ಗೆ ಮುನ್ನ ನಮ್ಮ ಮೊಹಲ್ಲಾಗಳಲ್ಲಿ ಒಂದು ಕೆಲಸ ಸಾಧ್ಯ. ಮದ್ರಸದ ದೊಡ್ಡ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ, ಹೆಂಗಸರಿರುವ ಮನೆಗಳಿಗೆ ಓದಿದ ಹೆಣ್ಣುಮಕ್ಕಳು ಇಬ್ಬಿಬ್ಬರಾಗಿ, ಪ್ರತಿ ಮನೆಗೂ ಹೋಗಲಿ. ವಂತಿಗೆಯ ರಸೀದಿ ಪುಸ್ತಕ ಅವರ ಕೈಯಲ್ಲಿರಬಾರದು. ಮನೆಯಲ್ಲಿ ಯಾರಿದ್ದಾರೆ, ಯಾರು ರೋಗಿ, ಯಾರು ಸಾಲಗಾರ, ಯಾವ ಮಗು ಶಾಲೆ ಬಿಟ್ಟಿದೆ ಎಂಬುದನ್ನಷ್ಟೇ ಬರೆದುಕೊಳ್ಳಲಿ. ಬಾಡಿಗೆಯವರ, ಹೊರ ಜಿಲ್ಲೆಯವರ ಹೆಸರು ಮೊದಲ ಪುಟದಲ್ಲಿರಲಿ. ಆ ಪುಸ್ತಕವು ಇಮಾಮರ ಬಳಿಯೂ ಹೊರಗಿನ ಒಬ್ಬ ಹಿರಿಯರ ಬಳಿಯೂ ಮಾತ್ರ ಇರಲಿ. ಈ ಬಾರಿಯ ಝಕಾತ್ ಹಂಚಿಕೆಯು ಗೇಟಿನ ಮುಂದೆ ನಿಂತ ಸಾಲನ್ನು ನೋಡಿ ನಡೆಯದೆ ಆ ಪುಸ್ತಕವನ್ನು ನೋಡಿ ನಡೆಯಲಿ.